ಕುಟುಂಬದ ಪಟಗಳಲ್ಲಿ ಸಹಜಭಾವ

ಮನೆಯಲ್ಲಿ ಕೂಸು ಹುಟ್ಟಿದಾಗಲೂ, ದೂರದ ಊರಿನಲ್ಲಿ ಕೆಲಸದಲ್ಲಿರುವ ಮಗನು ರಜೆಗೆಂದು ಬಂದಾಗಲೂ, ಅಜ್ಜಿಗೆ ಎಪ್ಪತ್ತು ವರುಷ ತುಂಬಿದಾಗಲೂ, ಎಲ್ಲರೂ ಕೂಡಿ ಒಂದು ಪಟವನ್ನು ತೆಗೆಯಿಸಿಕೊಳ್ಳಬೇಕೆಂಬ ಆಶೆಯು ಹುಟ್ಟುವುದು ಸ್ವಾಭಾವಿಕವೇ. ಮನುಷ್ಯರ ಮುಖವು ವರುಷದಿಂದ ವರುಷಕ್ಕೆ ಬದಲಾಗುತ್ತದೆ, ಜ್ಞಾಪಕವು ಮಾಸುತ್ತದೆ. ಪಟವಾದರೋ ಉಳಿದುಕೊಂಡು, ನಮ್ಮನ್ನು ಕಣ್ಣಾರೆ ಕಾಣದ ಮೊಮ್ಮಕ್ಕಳಿಗೂ ನಮ್ಮ ವಿಷಯವಾಗಿ ಸಾಕ್ಷಿ ಹೇಳುತ್ತದೆ. ಆ ಸಾಕ್ಷಿಯು ನಿಜವಾದದ್ದೂ ಪೂರ್ಣವಾದದ್ದೂ ಆಗಿರಬೇಕೆಂಬುದೇ ಈ ಲೇಖನದಲ್ಲಿ ನಾವು ಹೇಳಬೇಕೆಂದಿರುವ ಮಾತು.

ಈ ಸ್ಮರಣ ಸಂಚಿಕೆಗಾಗಿ ಕುಟುಂಬದ ಪಟಗಳನ್ನು ಕಳುಹಿಸಿಕೊಡಬೇಕೆಂದು ಹಳೆಯ ವಿದ್ಯಾರ್ಥಿನಿಯರನ್ನು ಕೇಳಿಕೊಂಡಿದ್ದೆವು. ಬಂದವುಗಳನ್ನೆಲ್ಲಾ ಮೇಜಿನ ಮೇಲೆ ಹರಡಿ ನೋಡಿದಾಗ ಎರಡು ಸಂಗತಿಗಳು ನಮ್ಮ ಮನಸ್ಸಿಗೆ ತಟ್ಟಿದುವು. ಬಹಳ ಹಣ ಕೊಟ್ಟು, ಹೊಸ ಬಟ್ಟೆಗಳನ್ನುಟ್ಟು ತೆಗೆಯಿಸಿದ ಪಟಗಳಲ್ಲಿ ಮಕ್ಕಳು ಪರೀಕ್ಷೆಯ ಕೊಠಡಿಯಲ್ಲಿ ಕೂತವರಂತೆ ಬಿಗಿದುಕೊಂಡಿದ್ದರು. ಆದರೆ ಹಿತ್ತಲಿನ ಮೆಟ್ಟಿಲ ಮೇಲೆ ಮಾವಿನಹಣ್ಣು ತಿನ್ನುತ್ತಿರುವಾಗ ಯಾರೋ ತೆಗೆದ ಚಿಕ್ಕ ಪಟದಲ್ಲಿ ಅದೇ ಮಕ್ಕಳ ಗುಣವೆಲ್ಲಾ ತೋರಿಬಂದಿತ್ತು. ಇದು ಮೊದಲನೆಯದು. ಎರಡನೆಯದು ಇನ್ನೂ ಹೆಚ್ಚಿನದು. ಮಕ್ಕಳಿದ್ದಾರೆ, ತಂದೆಯಿದ್ದಾರೆ, ಅತ್ತೆ ಮಾವಂದಿರಿದ್ದಾರೆ, ಮನೆಯ ನಾಯಿ ಸಹ ಇದೆ. ನಮ್ಮ ಶಾಲೆಯಲ್ಲಿ ಓದಿದ ಆ ತಾಯಿಯು ಮಾತ್ರ ಇಲ್ಲ. ಯಾಕಂದರೆ ಪಟ ತೆಗೆದವಳೇ ಅವಳು.

ಪಟದ ಮುಂದೆ ಬಿಗಿದು ಕೂತುಕೊಳ್ಳುವ ಪದ್ಧತಿಯು ಎಲ್ಲಿಂದ ಬಂತೆಂದು ಮೊದಲು ತಿಳಿಯುವುದು ಒಳ್ಳೇದು. 1839ರಲ್ಲಿ ಫ್ರಾನ್ಸ್ ದೇಶದ ಡಗೇರ್ ಎಂಬವರ ವಿಧಾನವು ಲೋಕಕ್ಕೆ ಪ್ರಕಟವಾದಾಗ, ಬಿಸಿಲಿನಲ್ಲಿ ಸಹ ಒಂದು ಪಟಕ್ಕೆ ಹಲವು ನಿಮಿಷಗಳು ಬೇಕಾಗಿದ್ದವು. ಮುಂದೆ ಕಾಲವು ಸೆಕೆಂಡುಗಳಿಗೆ ಇಳಿದರೂ ಅಲುಗಾಡಿದವರ ಮುಖವು ಮಂಜಾಗುತ್ತಿತ್ತು. ಆದಕಾರಣ ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಕಬ್ಬಿಣದ ಕವಲನ್ನು ನಿಲ್ಲಿಸಿ ಅದಕ್ಕೆ ತಲೆಯನ್ನು ಆನಿಸುತ್ತಿದ್ದರು. ಕೂಸುಗಳಿಗೆ ಈ ಉಪಾಯವು ನಡೆಯದು. ಅದಕ್ಕಾಗಿ ತಾಯಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ತಲೆಯ ಮೇಲಿಂದ ಬಟ್ಟೆಯನ್ನು ಮುಸುಕು ಹಾಕಿ, ಅವಳ ತೊಡೆಯ ಮೇಲೆ ಕೂಸನ್ನಿಟ್ಟು ಪಟ ತೆಗೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಅಂಥ ಅನೇಕ ಪಟಗಳು ಇಂದಿಗೂ ಉಳಿದಿವೆ. ಕೂಸಿನ ಮುಖವು ಸ್ಪಷ್ಟವಾಗಿದೆ. ಹಿಂದೆ ಕುರ್ಚಿಯ ಹೊದಿಕೆಯೆಂದು ನಾವು ಎಣಿಸುವುದು ಒಬ್ಬ ತಾಯಿ. ಹಿಡಿದುಕೊಂಡ ಕೈ ಮಾತ್ರ ಕೆಲವು ಪಟಗಳಲ್ಲಿ ಹೊರಗೆ ಕಾಣುತ್ತದೆ.

1851ರಲ್ಲಿ ಆರ್ಚರ್ ಎಂಬವರ ಹಸಿ ಗಾಜಿನ ವಿಧಾನವೂ, 1871ರಲ್ಲಿ ಮ್ಯಾಡಕ್ಸ್ ಎಂಬ ವೈದ್ಯರ ಒಣ ಗಾಜಿನ ವಿಧಾನವೂ ಬಂದುವು. 1888ರಲ್ಲಿ ಈಸ್ಟ್‌ಮನ್ನರು ಕೊಡ್ಯಾಕ್ ಕ್ಯಾಮರಾವನ್ನೂ, 1900ರಲ್ಲಿ ಅವರ ಕಂಪೆನಿಯು ಒಂದು ಡಾಲರಿಗೆ ಬ್ರೌನೀ ಎಂಬ ಪೆಟ್ಟಿಗೆ ಕ್ಯಾಮರಾವನ್ನೂ ಮಾರಾಟಕ್ಕಿಟ್ಟಾಗ ಪಟ ತೆಗೆಯುವ ಕೆಲಸವು ಮನೆಯವರ ಕೈಗೇ ಬಂತು. ಈಗಲಾದರೆ ಕೈಯಲ್ಲಿ ಹಿಡಿಯುವ ಮೊಬೈಲು ಫೋನು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಪಟವನ್ನು ಹಿಡಿಯಬಲ್ಲದು. ಕಬ್ಬಿಣದ ಕವಲು ಹೋಯಿತು. ಆದರೆ ಅದರ ಭಯವು ನಮ್ಮ ಕುತ್ತಿಗೆಯಲ್ಲಿ ಉಳಿದುಕೊಂಡಿದೆ. ತಾಯಿಯ ಮುಸುಕು ಹೋಯಿತು. ಆದರೆ ತಾಯಿ ಇನ್ನೂ ಪಟದಲ್ಲಿಲ್ಲ.

ಒಳ್ಳೆಯ ಪಟವನ್ನು ತೆಗೆಯುವುದು ಕಲಿತ ಗಂಡಸರ ಕೆಲಸವೆಂದು ಹಿಂಜರಿಯುವ ಸಹೋದರಿಯರಿಗೆ ಒಂದು ದೃಷ್ಟಾಂತವನ್ನು ಹೇಳುತ್ತೇವೆ. 1815ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರನ್ ಎಂಬ ಗೃಹಿಣಿಯು, ತನ್ನ 48ನೆಯ ವಯಸ್ಸಿನಲ್ಲಿ, 1863ರಲ್ಲಿ, ಮಗಳೂ ಅಳಿಯನೂ ಕೊಟ್ಟ ಕ್ಯಾಮರಾವನ್ನು ಮೊದಲು ಕೈಯಲ್ಲಿ ಹಿಡಿದಳು. ಆಗ ಅವಳ ವಾಸವು ಇಂಗ್ಲೆಂಡಿನ ವೈಟ್ ದ್ವೀಪದಲ್ಲಿ. ಕಲ್ಲಿದ್ದಲಿನ ಕೋಣೆಯನ್ನು ಕತ್ತಲೆ ಕೋಣೆಯಾಗಿಯೂ, ಕೋಳಿಗೂಡನ್ನು ಗಾಜಿನ ಮನೆಯಾಗಿಯೂ ಮಾಡಿಕೊಂಡು, ನೆರೆಮನೆಯ ಮಕ್ಕಳನ್ನೂ ಮನೆಯ ಸೇವಕಿಯರನ್ನೂ ಕರೆದು ಪಟ ತೆಗೆದಳು. ಮಕ್ಕಳಿಗೆ ರೆಕ್ಕೆ ಕಟ್ಟಿ ದೇವದೂತರಂತೆ ನಿಲ್ಲಿಸಿದ್ದೂ ಉಂಟು. ಆದರೂ ಮುಖದ ತೀರ ಹತ್ತಿರಕ್ಕೆ ಹೋಗಿ, ಒಂದು ಕಡೆಯಿಂದ ಬೀಳುವ ಬೆಳಕಿನಲ್ಲಿ, ಮನುಷ್ಯರ ಅಂತರಂಗವನ್ನು ಕಾಣುವಂತೆ ಅವಳು ತೆಗೆದ ಪಟಗಳನ್ನು ಇಂದಿಗೂ ದೊಡ್ಡ ವಸ್ತುಸಂಗ್ರಹಾಲಯಗಳು ಕಾಪಾಡಿಕೊಂಡಿವೆ. ತಡವಾಗಿ ಆರಂಭಿಸಿದವಳೂ ಮನೆಯಲ್ಲಿಯೇ ಇದ್ದವಳೂ ಇಷ್ಟನ್ನು ಮಾಡಬಹುದಾದರೆ ನಮ್ಮವರಿಗೆ ಅಧೈರ್ಯವೇಕೆ?

ಸಹಜವೆಂದರೆ ಅಜಾಗ್ರತೆಯೆಂದು ಯಾರೂ ತಿಳಿಯಬಾರದು. ಒಳ್ಳೆಯ ಅಡಿಗೆಯಂತೆ ಇದಕ್ಕೂ ಮುಂಚಿತವಾದ ಸಿದ್ಧತೆ ಬೇಕು; ವ್ಯತ್ಯಾಸವೇನೆಂದರೆ, ಸಿದ್ಧತೆಯನ್ನು ತೆಗೆಯುವವರು ಮಾಡಬೇಕೇ ಹೊರತು ತೆಗೆಯಿಸಿಕೊಳ್ಳುವವರಲ್ಲ. ಹಸಿದ ಮಗುವೂ ನಿದ್ದೆಗೆಟ್ಟ ಮಗುವೂ ಯಾವ ಉಪಾಯಕ್ಕೂ ಒಲಿಯುವುದಿಲ್ಲವಾದ್ದರಿಂದ ಉಂಡು ಮಲಗಿ ಎದ್ದ ವೇಳೆಯನ್ನು ಆರಿಸಿರಿ. ಗಂಜಿ ಹಾಕಿದ ಹೊಸ ಬಟ್ಟೆಗಿಂತ ತೊಳೆದು ಮೆತ್ತಗಾದ ಬಟ್ಟೆಯು ಮೇಲು. ತರುವಾಯ ಎಲ್ಲರ ಕೈಗೂ ಒಂದು ಕೆಲಸವನ್ನು ಕೊಡಿರಿ. ಅಜ್ಜಿಯು ಮೊಮ್ಮಗಳಿಗೆ ಜಡೆ ಹೆಣೆಯಲಿ; ತಂದೆಯು ಮಗನಿಗೆ ಬುಗುರಿಗೆ ದಾರ ಸುತ್ತುವುದನ್ನು ಕಲಿಸಲಿ; ಅಕ್ಕತಂಗಿಯರು ಮೊರದಲ್ಲಿ ಅವರೆಕಾಯಿ ಬಿಡಿಸಲಿ. ಕೈಗೆ ಕೆಲಸವಿದ್ದರೆ ಮುಖವು ತನ್ನನ್ನು ಮರೆಯುತ್ತದೆ. ತನ್ನನ್ನು ಮರೆತ ಮುಖವೇ ನಿಜವಾದ ಮುಖವು.

ಇನ್ನು ಬೆಳಕಿನ ವಿಷಯ. ನಡುಹಗಲಿನ ಬಿಸಿಲು ನೆತ್ತಿಯ ಮೇಲಿಂದ ಬೀಳುವುದರಿಂದ ಕಣ್ಣುಗಳ ಗುಳಿಯಲ್ಲಿ ನೆರಳು ತುಂಬಿ, ಮೂಗಿನ ಕೆಳಗೆ ಕಪ್ಪಾಗಿ, ಹುಬ್ಬು ಗಂಟಿಕ್ಕಿಕೊಳ್ಳುತ್ತದೆ. ಬೆಳಗ್ಗೆ ಒಂಬತ್ತು ಗಂಟೆಯ ಒಳಗೆ, ಇಲ್ಲವೆ ಸಾಯಂಕಾಲ ನಾಲ್ಕರ ಮೇಲೆ, ಬೆಳಕು ಓರೆಯಾಗಿ ಮೃದುವಾಗಿರುವುದು. ನಡುಹಗಲಿನಲ್ಲಿಯೇ ತೆಗೆಯಬೇಕಾದರೆ ಜಗಲಿಯ ನೆರಳನ್ನೋ ದಟ್ಟವಾದ ಹುಣಿಸೆಮರದ ನೆರಳನ್ನೋ ಆಶ್ರಯಿಸಿರಿ. ಆದರೆ ಎಲೆಗಳ ಸಂದಿನಿಂದ ಬಿಸಿಲಿನ ಚುಕ್ಕೆಗಳು ಮುಖದ ಮೇಲೆ ಬೀಳದಂತೆ ನೋಡಿಕೊಳ್ಳಿರಿ. ಮನೆಯೊಳಗಾದರೆ ಕಿಟಕಿಗಿಂತ ಒಳ್ಳೆಯ ದೀಪವಿಲ್ಲ. ನೇರ ಬಿಸಿಲು ಬಾರದ ಕಿಟಕಿಯ ಪಕ್ಕದಲ್ಲಿ, ಮೂರು ನಾಲ್ಕು ಅಡಿ ದೂರದಲ್ಲಿ, ಒಂದು ಕೆನ್ನೆಯು ಬೆಳಕಿಗಿರುವಂತೆ ಕೂರಿಸಿ, ಮತ್ತೊಂದು ಕೆನ್ನೆಯ ಕಡೆಗೆ ಬಿಳಿಯ ಪಂಚೆಯನ್ನು ತೂಗಹಾಕಿದರೆ ಅದರಿಂದ ಹಿಂದಿರುಗಿದ ಬೆಳಕು ನೆರಳನ್ನು ತಿಳಿಗೊಳಿಸುತ್ತದೆ. ಕೋಣೆಯ ವಿದ್ಯುದ್ದೀಪಗಳನ್ನು ಆರಿಸಿಬಿಡಿರಿ. ಎರಡು ಬಣ್ಣದ ಬೆಳಕುಗಳು ಸೇರಿದರೆ ಮುಖವು ರೋಗಿಯ ಮುಖದಂತೆ ಕಾಣುವುದು.

ಮೂರನೆಯದು ಎತ್ತರ. ನಿಂತುಕೊಂಡು ತೆಗೆದರೆ ಮಗುವಿನ ತಲೆ ದೊಡ್ಡದಾಗಿಯೂ ಕಾಲುಗಳು ಗಿಡ್ಡವಾಗಿಯೂ ಬರುತ್ತವೆ. ಅಷ್ಟೇ ಅಲ್ಲದೆ ಮಗುವು ಪಟದಲ್ಲಿ ಯಾವಾಗಲೂ ದೊಡ್ಡವರಿಗೆ ತಲೆಯೆತ್ತಿ ಲೆಕ್ಕ ಒಪ್ಪಿಸುವಂತೆ ತೋರುತ್ತದೆ. ನೆಲದ ಮೇಲೆ ಕೂತು, ಬೇಕಾದರೆ ಬೋರಲಾಗಿ ಮಲಗಿ, ಅದರ ಕಣ್ಣಿನ ಮಟ್ಟಕ್ಕೆ ನಿಮ್ಮ ಕ್ಯಾಮರಾವನ್ನು ತನ್ನಿರಿ. ಚಿಕ್ಕ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದ ನಮ್ಮ ಕರ್ತನ ಶಿಷ್ಯರಿಗೆ ಬಾಗುವುದರಲ್ಲಿ ನಾಚಿಕೆಯೇನು? ದೂರದ ವಿಷಯದಲ್ಲಿಯೂ ಎಚ್ಚರ ಬೇಕು. ಮೊಬೈಲು ಫೋನನ್ನು ಮುಖದಿಂದ ಒಂದಡಿ ದೂರದಲ್ಲಿ ಹಿಡಿದರೆ ಮೂಗು ಉಬ್ಬಿ ಕಿವಿಗಳು ಹಿಂದೆ ಸರಿದಂತೆ ತೋರುವುವು. ಐದಾರು ಅಡಿ ಹಿಂದೆ ಸರಿದು ತೆಗೆದರೆ ಮುಖದ ಅಳತೆಯು ಸರಿಯಾಗಿ ಬರುವುದು. ಓಡಾಡುವ ಮಕ್ಕಳಿಗೆ ಸೆಕೆಂಡಿನ 250ನೆಯ ಒಂದು ಪಾಲಿಗಿಂತಲೂ, ಹಾರುವ ನಾಯಿಗೆ 500ನೆಯ ಒಂದು ಪಾಲಿಗಿಂತಲೂ ನಿಧಾನವಾದ ವೇಗವು ಸಾಲದು. ಸ್ಪಷ್ಟತೆಯನ್ನು ಹತ್ತಿರದ ಕಣ್ಣಿನ ಮೇಲೆ ನಿಲ್ಲಿಸಿರಿ. ಕಣ್ಣು ಸರಿಯಾಗಿದ್ದರೆ ಉಳಿದದ್ದನ್ನು ನೋಡುವವರು ಕ್ಷಮಿಸುವರು.

ಹಸುಳೆಗಳ ಪಟದಲ್ಲಿ ಚಂದಕ್ಕಿಂತ ಮೊದಲು ಕ್ಷೇಮವನ್ನು ನೋಡತಕ್ಕದ್ದು. ಹುಟ್ಟಿದ ಮೊದಲ ಎರಡು ವಾರಗಳಲ್ಲಿ ಕೂಸು ಹೆಚ್ಚಾಗಿ ನಿದ್ರಿಸುವುದರಿಂದ ಆಗ ಪಟ ತೆಗೆಯುವುದು ಸುಲಭವೆಂದು ಕಸುಬಿನವರು ಹೇಳುವರು. ಕೂಸು ಎರಡು ಅಂಗೈಗಳ ಮೇಲೆ ಗಲ್ಲವನ್ನಿಟ್ಟು ತಾನಾಗಿ ಮಲಗಿದಂತೆ ಕಾಣುವ ಪಟಗಳನ್ನು ಅನೇಕರು ನೋಡಿರಬಹುದು. ಇವು ಒಂದೇ ಪಟವಲ್ಲ. ಒಂದರಲ್ಲಿ ತಲೆಯನ್ನೂ ಮತ್ತೊಂದರಲ್ಲಿ ಕೈಗಳನ್ನೂ ದೊಡ್ಡವರು ಹಿಡಿದುಕೊಂಡು, ಆಮೇಲೆ ಎರಡನ್ನೂ ಜೋಡಿಸಿ, ಹಿಡಿದವರ ಕೈಗಳನ್ನು ಅಳಿಸಿದವುಗಳು. ಇದನ್ನರಿಯದೆ ಮನೆಯಲ್ಲಿ ಅನುಕರಿಸಿದರೆ ಕೂಸಿನ ಕುತ್ತಿಗೆಗೂ ಉಸಿರಿಗೂ ಅಪಾಯ. ಬುಟ್ಟಿಯಲ್ಲಿ, ಮೇಜಿನ ಅಂಚಿನಲ್ಲಿ, ಹೂವಿನ ರಾಶಿಯಲ್ಲಿ ಹಸುಳೆಯನ್ನು ಒಂಟಿಯಾಗಿಡುವುದೂ ಬೇಡ. ಅದಕ್ಕೆ ತಾಯಿಯ ತೋಳಿಗಿಂತ ಚಂದವಾದ ಪೀಠವಿಲ್ಲ. ಹೊಸದಾಗಿ ಹುಟ್ಟಿದ ಕೂಸಿಗೆ ಸುಮಾರು ಒಂದಡಿಯೊಳಗಿನ ವಸ್ತುವು ಮಾತ್ರ ಸರಿಯಾಗಿ ಕಾಣುವುದು. ಹಾಲು ಕುಡಿಯುವ ಕೂಸಿನಿಂದ ತಾಯಿಯ ಮುಖಕ್ಕೆ ಇರುವ ದೂರವೂ ಅಷ್ಟೇ. ಆದದರಿಂದ ಅದು ತಾಯಿಯನ್ನು ನೋಡುತ್ತಿರುವಾಗ ತೆಗೆದ ಪಟವು ಅದರ ಲೋಕವನ್ನೆಲ್ಲಾ ತೋರಿಸಿದಂತಾಗುವುದು. ಮುಖ ನೋಡಿ ನಗುವುದು ಆರರಿಂದ ಎಂಟು ವಾರಗಳಲ್ಲಿ, ತಲೆ ನಿಲ್ಲುವುದು ಸುಮಾರು ನಾಲ್ಕನೆಯ ತಿಂಗಳಲ್ಲಿ, ಆಸರೆಯಿಲ್ಲದೆ ಕೂರುವುದು ಆರರಿಂದ ಎಂಟು ತಿಂಗಳುಗಳಲ್ಲಿ. ಆಯಾ ಕಾಲವನ್ನು ಕಾದಿರಬೇಕೇ ಹೊರತು ಬಲವಂತ ಮಾಡಬಾರದು.

ಸ್ವಲ್ಪ ದೊಡ್ಡ ಮಕ್ಕಳಿಗೆ "ನಗು, ನಗು" ಎಂದು ಆಜ್ಞೆ ಮಾಡಿದರೆ ಹಲ್ಲು ಕಾಣುವುದೇ ಹೊರತು ನಗೆ ಕಾಣುವುದಿಲ್ಲ. ಅದಕ್ಕೆ ಬದಲಾಗಿ ಒಂದು ಪ್ರಶ್ನೆಯನ್ನು ಕೇಳಿರಿ: ನಿಮ್ಮ ಮನೆಯಲ್ಲಿ ಗೊರಕೆ ಹೊಡೆಯುವವರು ಯಾರು? ಬೆಕ್ಕು ಹಾಲು ಕದ್ದಾಗ ಅಜ್ಜಿ ಏನು ಮಾಡಿದರು? ಉತ್ತರ ಹೇಳುವ ಮೊದಲಿನ ಕ್ಷಣದಲ್ಲಿಯೇ ಕಣ್ಣಿನಲ್ಲಿ ಮಿಂಚು ಹೊಳೆಯುವುದು. ನಗದೆ ಇರುವ ಮಗುವನ್ನು ನಗದೆಯೇ ತೆಗೆಯಿರಿ. ಗಂಭೀರವಾಗಿ ಯೋಚಿಸುವ ಮಗಳು ಗಂಭೀರವಾಗಿ ಯೋಚಿಸುವವಳೆಂದೇ ಪಟದಲ್ಲಿ ಇರಲಿ.

ಹೆಣ್ಣುಮಕ್ಕಳ ತಾಯ್ತಂದೆಗಳಿಗೆ ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪಟ ತೆಗೆದ ಮೇಲೆ ಮುಖವನ್ನು ಬೆಳ್ಳಗೆ ಮಾಡಿಸುವ ರೂಢಿಯು ನಮ್ಮಲ್ಲಿ ಬಹಳವಾಗಿದೆ. ಕೆಲವು ಫೋನುಗಳು ಕೇಳದೆಯೇ ಅದನ್ನು ಮಾಡಿಬಿಡುತ್ತವೆ. ಇದಕ್ಕೆ ಯಂತ್ರದ ಹಳೆಯ ಪಕ್ಷಪಾತವೂ ಒಂದು ಕಾರಣ. ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಬಣ್ಣದ ಪಟಗಳನ್ನು ಸರಿಪಡಿಸಲು ಕೊಡ್ಯಾಕ್ ಕಂಪೆನಿಯು ಅಂಗಡಿಗಳಿಗೆ ಕಳುಹಿಸುತ್ತಿದ್ದ ಮಾದರಿಯಲ್ಲಿ ಇದ್ದದ್ದು ಬಿಳಿಯ ಹೆಂಗಸಿನ ಮುಖವು. ಅವಳ ಮೈಬಣ್ಣವು ಸರಿಯಾಗಿ ಬಂದರೆ ಎಲ್ಲವೂ ಸರಿಯೆಂದು ಎಣಿಸುತ್ತಿದ್ದರು. ಇಂದಿಗೂ ಕ್ಯಾಮರಾವು ಎದುರಿಗಿರುವುದೆಲ್ಲಾ ಸರಾಸರಿ ಬೂದುಬಣ್ಣದ್ದೆಂದು ತಿಳಿದು ಬೆಳಕನ್ನು ಅಳೆಯುವುದರಿಂದ, ಸುಣ್ಣ ಬಳಿದ ಗೋಡೆಯ ಮುಂದೆ ನಿಂತ ಕಪ್ಪು ಮುಖವು ಇನ್ನೂ ಕಪ್ಪಾಗಿ ಕಾಣುವುದು. ದೋಷವು ಗೋಡೆಯದು, ಮುಖದ್ದಲ್ಲ. ಮರದ ಬಾಗಿಲಿನ ಮುಂದೆಯೋ ಹಸುರು ಬೇಲಿಯ ಮುಂದೆಯೋ ನಿಲ್ಲಿಸಿ, ಫೋನಿನ ಪರದೆಯಲ್ಲಿ ಮುಖವನ್ನು ಬೆರಳಿನಿಂದ ಮುಟ್ಟಿದರೆ ಬೆಳಕು ಮುಖಕ್ಕೆ ತಕ್ಕಂತೆ ಹೊಂದಿಕೊಳ್ಳುವುದು. ಸೃಷ್ಟಿಕರ್ತನು ಕೊಟ್ಟ ಬಣ್ಣವನ್ನು ಅಳಿಸಿದ ಪಟವನ್ನು ಗೋಡೆಗೆ ತೂಗಹಾಕಿದಾಗ, ದಿನವೂ ಅದರ ಕೆಳಗೆ ಹಾದುಹೋಗುವ ಮಗಳಿಗೆ ಆ ಪಟವು ಏನನ್ನು ಬೋಧಿಸುತ್ತದೆಂದು ಆಲೋಚಿಸಿರಿ. ತಾನಿರುವಂತೆ ತಾನು ಸಾಲದವಳೆಂಬುದಾಗಿ ಮನೆಯ ಗೋಡೆಯೇ ಅವಳಿಗೆ ಹೇಳಬಾರದು.

ಮನೆಯ ಸಾಕುಪ್ರಾಣಿಗಳನ್ನೂ ಪಟದಲ್ಲಿ ಸೇರಿಸುವುದು ನ್ಯಾಯವೇ. ಮಕ್ಕಳ ಬಾಲ್ಯವನ್ನು ನಾಯಿ, ಬೆಕ್ಕು, ಕರುಗಳಿಲ್ಲದೆ ಹೇಳಲಾಗದು. 1870ರ ಸುಮಾರಿಗೆ ಇಂಗ್ಲೆಂಡಿನ ಬ್ರೈಟನ್ ಊರಿನ ಹ್ಯಾರಿ ಪಾಯಿಂಟರ್ ಎಂಬವರು ಬೆಕ್ಕುಗಳನ್ನು ಮನುಷ್ಯರಂತೆ ಕೂರಿಸಿ ಪಟಗಳನ್ನು ತೆಗೆದು ಮಾರಿದರು. ಜನರು ನಕ್ಕು ಕೊಂಡುಕೊಂಡರು. ನಾವಾದರೋ ಪ್ರಾಣಿಯನ್ನು ಪ್ರಾಣಿಯಾಗಿಯೇ ಬಿಡೋಣ. ನಾಯಿಯು ಮತ್ತೆ ಮತ್ತೆ ಆಕಳಿಸಿದರೆ, ತುಟಿಯನ್ನು ನೆಕ್ಕಿಕೊಂಡರೆ, ಮುಖವನ್ನು ತಿರುಗಿಸಿಕೊಂಡು ಕಣ್ಣಿನ ಬಿಳಿಯನ್ನು ತೋರಿಸಿದರೆ ಅದು ಬೇಸರಗೊಂಡಿದೆಯೆಂದು ತಿಳಿದು ನಿಲ್ಲಿಸಿಬಿಡಿರಿ. ಎಂಥ ಸಾಧುವಾದ ನಾಯಿಯಾದರೂ ಕೂಸಿನ ಪಕ್ಕದಲ್ಲಿ ಕೂರಿಸಿದಾಗ ದೊಡ್ಡವರೊಬ್ಬರು ಕೈಗೆಟಕುವಷ್ಟು ಹತ್ತಿರದಲ್ಲಿರಲೇ ಬೇಕು. ಮಗುವು ನಾಯಿಯನ್ನು ಬಿಗಿದಪ್ಪಿಕೊಂಡಿರುವುದು ನಮಗೆ ಮುದ್ದಾಗಿ ತೋರಿದರೂ ನಾಯಿಗೆ ಉಸಿರುಕಟ್ಟಿದಂತಿರುವುದು. ನಾಯಿ ಬೆಕ್ಕುಗಳ ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಹಿಂದಿರುಗಿಸುವ ಒಂದು ಪೊರೆಯಿರುವುದರಿಂದ, ಫ್ಲಾಷ್ ಬೆಳಕಿನಲ್ಲಿ ತೆಗೆದರೆ ಕಣ್ಣುಗಳು ಕೆಂಡದಂತೆ ಹೊಳೆಯುವುವು. ಹಗಲಿನ ಬೆಳಕೇ ಸಾಕು. ಪ್ರತಿಸಾರಿಯೂ ಹೆಸರು ಹಿಡಿದು ಕೂಗಬೇಡಿರಿ. ಎರಡು ಮೂರು ಸಾರಿಯಾದ ಮೇಲೆ ಅದು ಕಿವಿಗೊಡುವುದಿಲ್ಲ. ಕಾಗದವನ್ನು ಮೆಲ್ಲಗೆ ಸದ್ದುಮಾಡಿದರೆ ಕಿವಿ ನಿಮಿರಿಸಿ ನೋಡುವುದು. ಬೆಕ್ಕಿಗಾದರೆ ಕಾಯುವುದೊಂದೇ ಉಪಾಯ.

ಕುಟುಂಬವೆಲ್ಲಾ ಕೂಡಿದ ಪಟದಲ್ಲಿ ಸೈನ್ಯದ ಸಾಲಿನಂತೆ ನಿಲ್ಲಿಸದೆ, ಹಿರಿಯರನ್ನು ಮೊದಲು ಕೂರಿಸಿ, ಅವರ ಸುತ್ತಲೂ ಉಳಿದವರು ತಾವಾಗಿ ಸೇರಿಕೊಳ್ಳುವಂತೆ ಬಿಡಿರಿ. ಯಾರು ಯಾರ ಪಕ್ಕಕ್ಕೆ ಹೋಗುವರು, ಯಾರ ಕೈ ಯಾರ ಹೆಗಲ ಮೇಲೆ ಬೀಳುವುದು ಎಂಬುದರಲ್ಲಿಯೇ ಮನೆಯ ಪ್ರೀತಿಯು ಬರೆದಿರುವುದು. ಹತ್ತು ಮಂದಿಯಲ್ಲಿ ಒಬ್ಬರಾದರೂ ಕಣ್ಣು ಮುಚ್ಚುವರಾದ್ದರಿಂದ ಒಂದರ ಮೇಲೊಂದು ಐದಾರು ಪಟಗಳನ್ನು ತೆಗೆಯಿರಿ. ಎಲ್ಲರೂ "ಮುಗಿಯಿತು" ಎಂದು ಸಡಿಲವಾದಾಗ ಇನ್ನೊಂದನ್ನು ತೆಗೆಯಿರಿ. ಹಲವು ವೇಳೆ ಅದೇ ಎಲ್ಲಕ್ಕಿಂತ ಉತ್ತಮವಾಗಿರುವುದು. ಇಪ್ಪತ್ತು ವರುಷ ಮಕ್ಕಳನ್ನು ಎತ್ತಿ ಆಡಿಸಿದ ಆಯಮ್ಮನನ್ನೂ ಕರೆಯಲು ಮರೆಯಬೇಡಿರಿ.

ತಾಯಿಯ ವಿಷಯವಾಗಿ ನಾವು ಆರಂಭದಲ್ಲಿ ಹೇಳಿದ್ದಕ್ಕೆ ಪರಿಹಾರವು ಸುಲಭವಾಗಿದೆ. ತಿಂಗಳಿಗೊಮ್ಮೆಯಾದರೂ ಕ್ಯಾಮರಾವು ಕೈ ಬದಲಾಗಲಿ. ತಂದೆಯು ತೆಗೆಯಲಿ, ಎಂಟು ಹತ್ತು ವರುಷದ ಮಗಳಿಗೆ ಕಲಿಸಿದರೆ ಅವಳು ಚೆನ್ನಾಗಿ ತೆಗೆಯುವಳು, ಮತ್ತು ಮಗಳ ಕಣ್ಣಿಗೆ ಕಾಣುವ ತಾಯಿಯು ಬೇರೆ ಯಾರ ಕಣ್ಣಿಗೂ ಕಾಣುವವಳಲ್ಲ. ಯಾರೂ ಇಲ್ಲದಿದ್ದರೆ ಫೋನನ್ನು ಪುಸ್ತಕಗಳ ರಾಶಿಗೆ ಆನಿಸಿ, ಹತ್ತು ಸೆಕೆಂಡು ತಡೆದು ತಾನಾಗಿ ತೆಗೆಯುವ ಏರ್ಪಾಡನ್ನು ಉಪಯೋಗಿಸಿರಿ. "ತಲೆ ಬಾಚಿಲ್ಲ, ಸೀರೆ ಮಾಸಿದೆ, ನಾನು ದಪ್ಪಗಾಗಿದ್ದೇನೆ" ಎಂದು ನಮ್ಮ ಸಹೋದರಿಯರು ಹಿಂದೆ ಸರಿಯುವರು. ಮಕ್ಕಳು ಮುಂದೆ ಹುಡುಕುವುದು ಆ ಮಾಸಿದ ಸೀರೆಯ ಸೆರಗನ್ನೇ ಎಂಬುದನ್ನು ಅವರು ಅರಿಯರು. ತಾಯಿಯನ್ನು ಕಳಕೊಂಡ ಹುಡುಗಿಯರು ನಮ್ಮ ಶಾಲೆಯ ಬೋರ್ಡಿಂಗಿನಲ್ಲಿ ಯಾವಾಗಲೂ ಇರುತ್ತಾರೆ. ಅವರ ಪೆಟ್ಟಿಗೆಗಳಲ್ಲಿ ಬಟ್ಟೆಗಳ ಅಡಿಯಲ್ಲಿ ಜೋಪಾನವಾಗಿರುವ ಒಂದು ಪಟದ ಬೆಲೆ ಎಷ್ಟೆಂದು ನಾವು ಬಲ್ಲೆವು; ಆ ಒಂದೂ ಇಲ್ಲದ ಹುಡುಗಿಯ ಕೊರತೆಯನ್ನೂ ಬಲ್ಲೆವು.

ಕಡೆಯದಾಗಿ ಪಟಗಳನ್ನು ಕಾಪಾಡುವುದು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ನಮ್ಮ ಸೀಮೆಯ ಶಾಲೆ, ಸಭೆ, ಹಂಚಿನ ಕಾರ್ಖಾನೆಗಳ ಪಟಗಳನ್ನು ಕಾಲಕಾಲಕ್ಕೆ ತೆಗೆದು ಕಳುಹಿಸಿದರು. ಸ್ವಿಟ್ಜರ್ಲೆಂಡಿನ ಬಾಸೆಲಿನ ಭಂಡಾರದಲ್ಲಿರುವ ಅವುಗಳನ್ನು ಈಗ ಅಂತರ್ಜಾಲದ ಮೂಲಕ ಯಾರಾದರೂ ನೋಡಬಹುದು. ಅವುಗಳಲ್ಲಿ ಎಷ್ಟೋ ಪಟಗಳಲ್ಲಿ ಮಿಶನೆರಿಗಳ ಹೆಸರುಗಳಿವೆ. ಸಾಲಾಗಿ ಕೂತ ನಮ್ಮ ಹುಡುಗಿಯರು ಬರೇ ಶಾಲೆಯ ಹುಡುಗಿಯರಾಗಿ ಉಳಿದಿದ್ದಾರೆ. ಅವರು ಯಾರ ಅಜ್ಜಿಯರೋ! ಒಂದು ಸಾಲು ಬರೆದಿದ್ದರೆ ಅವರ ಮೊಮ್ಮಕ್ಕಳು ಇಂದು ಗುರುತಿಸುತ್ತಿದ್ದರು. ಆದಕಾರಣ ಫೋನಿನಲ್ಲಿರುವ ಸಾವಿರ ಪಟಗಳಿಂದ ವರುಷಕ್ಕೆ ಹನ್ನೆರಡನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿರಿ. ಫೋನು ಒಡೆಯುವುದು, ಕಳೆದುಹೋಗುವುದು. ಹಿಂಬದಿಯಲ್ಲಿ ಮೆದುವಾದ ಸೀಸದ ಕಡ್ಡಿಯಿಂದ ಒತ್ತದೆ ಎಡದಿಂದ ಬಲಕ್ಕೆ ಎಲ್ಲರ ಹೆಸರು, ಸ್ಥಳ, ತಾರೀಖನ್ನು ಬರೆಯಿರಿ. ಶಾಯಿಯಾದರೆ ಮುಂಬದಿಗೆ ಇಳಿಯಬಹುದು. ಅಂಟುವ ಹಾಳೆಗಳ ಆಲ್ಬಮ್ಮು ಕಾಲಕ್ರಮದಲ್ಲಿ ಪಟವನ್ನು ಕೆಡಿಸುವುದು. ತೇವವೂ ಬಿಸಿಲೂ ತಾಗದ ಪೆಟ್ಟಿಗೆಯಲ್ಲಿ ಇಡಿರಿ. ಮಕ್ಕಳ ಮೈಮೇಲೆ ಬಟ್ಟೆಯಿಲ್ಲದ, ಇಲ್ಲವೆ ಮುಂದೆ ಅವರಿಗೇ ನಾಚಿಕೆಯಾಗುವಂಥ ಪಟಗಳನ್ನು ಅಂತರ್ಜಾಲದಲ್ಲಿ ಹರಡುವುದು ಸರ್ವಥಾ ಸಲ್ಲದು. ಒಮ್ಮೆ ಹೊರಗೆ ಹೋದದ್ದು ಹಿಂದಕ್ಕೆ ಬಾರದು. ತಿಳಿವಳಿಕೆ ಬಂದ ಮಗುವನ್ನು ಕೇಳಿಯೇ ಇತರರಿಗೆ ತೋರಿಸಿರಿ.

ಪ್ರಿಯ ಸಹೋದರಿಯರೇ, ತಾಯ್ತಂದೆಗಳೇ, ಇವೆಲ್ಲವುಗಳಿಗೆ ಬೆಲೆಯುಳ್ಳ ಯಂತ್ರವು ಬೇಕಾಗಿಲ್ಲ. ಕಿಟಕಿಯ ಬೆಳಕು, ಬಾಗುವ ಮನಸ್ಸು, ಕಾಯುವ ತಾಳ್ಮೆ, ಇದ್ದವರನ್ನು ಇದ್ದಂತೆಯೇ ಒಪ್ಪಿಕೊಳ್ಳುವ ಪ್ರೀತಿ, ಇಷ್ಟೇ ಸಾಕು. ಈ ಭಾನುವಾರ ಮಧ್ಯಾಹ್ನದ ಊಟವಾಗಿ ಎಲ್ಲರೂ ಜಗಲಿಯಲ್ಲಿ ಕೂತಿರುವಾಗ ಒಂದು ಪಟವನ್ನು ತೆಗೆಯಿರಿ. ಅದರಲ್ಲಿ ಯಾರಿಲ್ಲವೆಂದು ಒಮ್ಮೆ ಎಣಿಸಿ ನೋಡಿ, ಅವರನ್ನೂ ಕೈಹಿಡಿದು ಕೂರಿಸಿ, ಇನ್ನೊಂದನ್ನು ತೆಗೆಯಿರಿ. ಮುಂದಿನ ಸಂಚಿಕೆಗೆ ಆ ಎರಡನೆಯದನ್ನೇ, ಹಿಂಬದಿಯಲ್ಲಿ ಹೆಸರುಗಳನ್ನು ಬರೆದು, ನಮಗೆ ಕಳುಹಿಸಿಕೊಡಿರಿ. ಕರ್ತನು ನಿಮ್ಮ ಮನೆಗಳನ್ನು ಆಶೀರ್ವದಿಸಲಿ.